ಡೆಂಗ್ಯೂನಾ, ಮಂಗನ ಕಾಯಿಲೆನಾ? ಗುಂಪಿನಲ್ಲಿ ಡಾಕ್ಟರಿಗೆ ಕೇಳಿದ್ದು

ಪ್ರಶ್ನೆ (ಕೊಡಗಿನ ಪೊನ್ನಂಪೇಟೆ ಕಡೆಯ ತೋಟದ ರೈಟರ್, ಅಂದರೆ ಲೆಕ್ಕ ಹಾಜರಿ ಬರೆಯುವವರು): ಡಾಕ್ಟ್ರೇ ನಮಸ್ಕಾರ. ನಮ್ಮ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಒಬ್ಬ ಹುಡುಗನಿಗೆ ನಾಲ್ಕು ದಿನದಿಂದ ವಿಪರೀತ ಜ್ವರ, ತಲೆನೋವು, ಕಣ್ಣು ಕೆಂಪು, ಸೊಂಟ ಕಾಲು ಮುಟ್ಟಲು ಬಿಡುತ್ತಿಲ್ಲ. ಪ್ಲೇಟ್‌ಲೆಟ್ 90 ಸಾವಿರಕ್ಕೆ ಇಳಿದಿದೆ. ಡೆಂಗ್ಯೂ ಇರಬಹುದು ಅಂತ ಎನ್‌ಎಸ್‌-1 ಟೆಸ್ಟ್ ಮಾಡಿಸಿದೆವು, ನೆಗೆಟಿವ್ ಬಂತು. ಈಗ ಅವನು ಹೇಳುತ್ತಿದ್ದಾನೆ, ಹೋದ ವಾರ ಸೌದೆಗೆ ಕಾಡಂಚಿಗೆ ಹೋದಾಗ ಅಲ್ಲಿ ಒಂದು ಮಂಗ ಸತ್ತು ಬಿದ್ದಿತ್ತಂತೆ. ಲೈನಿನಲ್ಲಿ ಎಲ್ಲರೂ ಹೆದರಿ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಡೆಂಗ್ಯೂ, ಮಂಗನ ಕಾಯಿಲೆ ಎರಡೂ ಒಂದೇ ಜಾತಿಯ ಜ್ವರ ಅಂತಾರಲ್ಲ, ಹೇಗೆ ಗೊತ್ತು ಮಾಡುವುದು?

ಡಾಕ್ಟರ್: ಮೊದಲು ಅವನನ್ನು ಇವತ್ತೇ ತಾಲ್ಲೂಕು ಆಸ್ಪತ್ರೆಗೋ ಮಡಿಕೇರಿಗೋ ಕರೆದುಕೊಂಡು ಹೋಗಿ, ಆಮೇಲೆ ನನ್ನ ಉತ್ತರ ಓದಿ. ಅಲ್ಲಿ ಮಂಗ ಸತ್ತ ವಿಷಯವನ್ನು ಕೇಳುವ ಮೊದಲೇ ಹೇಳಿ. ಚೀಟಿಯಲ್ಲಿ ಬರೆದುಕೊಂಡು ಹೋದರೂ ಸರಿ. ಮೊದಲ ವಾರದಲ್ಲಿ ರೋಗಿಯನ್ನು ಮುಟ್ಟಿ ನೋಡಿ ಈ ಎರಡನ್ನು ಬೇರೆ ಮಾಡುವುದು ನನಗೂ ಕಷ್ಟ. ಎಲ್ಲಿ ಓಡಾಡಿದ, ಯಾವ ತಿಂಗಳು, ಏನು ಕಚ್ಚಿತು, ಸುಳಿವು ಸಿಗುವುದು ಅಲ್ಲೇ.

ಎರಡೂ ಫ್ಲೇವಿವೈರಸ್ ಅನ್ನುವ ಒಂದೇ ಕುಟುಂಬದ ವೈರಸ್‌ಗಳು. ಎರಡರಲ್ಲೂ ಜ್ವರ ಧುತ್ತನೆ ಏರುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ, ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ ಬರುತ್ತದೆ. ಆದರೆ ತರುವವರು ಬೇರೆ. ಡೆಂಗ್ಯೂ ತರುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಮಂಗನ ಕಾಯಿಲೆ ತರುವುದು ಉಣುಗು, ಅದರಲ್ಲೂ ಎಳ್ಳಿನಷ್ಟು ಸಣ್ಣಗಿರುವ ಮರಿ ಉಣುಗು. ಕಚ್ಚಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ, ಆದ್ದರಿಂದ "ಏನೂ ಕಚ್ಚಿಲ್ಲ ಸರ್" ಅಂದರೆ ನಾವು ಅದನ್ನು ಪೂರ್ತಿ ನಂಬುವುದಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಈ ವೈರಸ್ ಮೊದಲು ಸಿಕ್ಕಿತು, ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಆಗ ಅದು ಒಂದೆರಡು ತಾಲ್ಲೂಕಿನ ಕಾಯಿಲೆ. ಆಮೇಲೆ 2012ರಲ್ಲಿ ಬಂಡೀಪುರದ ಕಡೆ ಕಂಡಿತು, 2013ರಿಂದ ವಯನಾಡಿನಲ್ಲಿ ಕಂಡಿತು. ನಕ್ಷೆ ತೆಗೆದು ನೋಡಿ, ನಾಗರಹೊಳೆಯ ಕಾಡು ಇವೆರಡರ ಪಕ್ಕದಲ್ಲೇ ಇದೆ. ಅದಕ್ಕೇ ಕೊಡಗಿನಲ್ಲಿ ಸತ್ತ ಮಂಗದ ಸುದ್ದಿಯನ್ನು ಸುಮ್ನೆ ಬಿಡಬಾರದು.

ಎನ್‌ಎಸ್‌-1 ನೆಗೆಟಿವ್ ಅಂದರೆ ಡೆಂಗ್ಯೂ ಇಲ್ಲ ಅಂತಲೂ ಅಲ್ಲ, ಮಂಗನ ಕಾಯಿಲೆ ಇದೆ ಅಂತಲೂ ಅಲ್ಲ. ಆ ಟೆಸ್ಟ್ ಡೆಂಗ್ಯೂವನ್ನು ಮಾತ್ರ ಹುಡುಕುತ್ತದೆ, ಅದೂ ಮೊದಲ ನಾಲ್ಕೈದು ದಿನದಲ್ಲಿ ಚೆನ್ನಾಗಿ, ಆಮೇಲೆ ರಕ್ತದಲ್ಲಿ ಪ್ರತಿಕಾಯ ಹುಡುಕುವ ಐಜಿಎಂ ಟೆಸ್ಟ್ ಬೇಕು. ಮಂಗನ ಕಾಯಿಲೆಗೆ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್ ಟೆಸ್ಟ್ ಮಾಡಬೇಕು, ಪೇಟೆಯ ಲ್ಯಾಬಿನಲ್ಲಿ ಅದು ಸಿಗುವುದಿಲ್ಲ. ಆರೋಗ್ಯ ಇಲಾಖೆಯ ಮೂಲಕವೇ ಸ್ಯಾಂಪಲ್ ಹೋಗಬೇಕು.

ಇನ್ನೊಂದು ಮಾತು, ಇದನ್ನು ಬಿಡಬೇಡಿ. ನಮ್ಮ ಕಡೆ ಇದೇ ತರಹ ಬರುವ ಇಲಿ ಜ್ವರ, ಸ್ಕ್ರಬ್ ಟೈಫಸ್ ಎರಡೂ ಬ್ಯಾಕ್ಟೀರಿಯಾದ ಕಾಯಿಲೆಗಳು, ಅವಕ್ಕೆ ಒಳ್ಳೆ ಮಾತ್ರೆ ಇದೆ. ಮಂಗದ ಗಲಾಟೆಯಲ್ಲಿ ಅವನ್ನು ಮರೆತರೆ ಉಳಿಸಬಹುದಾದ ಮನುಷ್ಯನನ್ನು ಕಳೆದುಕೊಳ್ಳುತ್ತೇವೆ. ಕಂಕುಳು, ತೊಡೆಸಂದಿಯಲ್ಲಿ ಸ್ಕ್ರಬ್ ಟೈಫಸ್‌ನ ಗುರುತಾದ ಕಪ್ಪು ಹಕ್ಕಳೆ ಇದೆಯಾ ಅಂತ ಬಟ್ಟೆ ಸರಿಸಿ ನೋಡಲು ಹೇಳಿ.

ಪ್ರಶ್ನೆ (ಕುಟ್ಟದಿಂದ ಒಬ್ಬರು ಅಕ್ಕ): ನಾವು ವಾರಕ್ಕೊಮ್ಮೆ ವಯನಾಡಿಗೆ ಹೋಗಿಬರುತ್ತೇವೆ. ಒಬ್ಬರಿಂದ ಒಬ್ಬರಿಗೆ ಹರಡುತ್ತಾ ಡಾಕ್ಟ್ರೇ? ಮಕ್ಕಳಿದ್ದಾರೆ ಮನೆಯಲ್ಲಿ.

ಡಾಕ್ಟರ್: ಇಲ್ಲ ಅಕ್ಕ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ. ತಟ್ಟೆ ಲೋಟ ಬೇರೆ ಇಡುವುದು ಬೇಡ, ಆ ಹುಡುಗನಿಗೆ ಗಂಜಿ ಕೊಡುವವರು ಯಾರಾದರೂ ಇರಲಿ. ನಿಜ ಹೇಳಬೇಕೆಂದರೆ ಲೈನ್‌ಮನೆಯಲ್ಲಿ ಹರಡುವ ಭಯ ಡೆಂಗ್ಯೂಗೇ ಜಾಸ್ತಿ. ಜ್ವರದವನನ್ನು ಕಚ್ಚಿದ ಸೊಳ್ಳೆ ಕೆಲವು ದಿನ ಬಿಟ್ಟು ಪಕ್ಕದ ಮನೆಯವನನ್ನು ಕಚ್ಚಿದರೆ ಅವನಿಗೂ ಬರುತ್ತದೆ. ಡೆಂಗ್ಯೂ ಇದ್ದವರನ್ನು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು, ಯಾರೂ ಮಾಡುವುದಿಲ್ಲ. ವಯನಾಡಿನ ಪೇಟೆಗೆ ಬಸ್ಸಿನಲ್ಲಿ ಹೋಗಿ ಬಂದರೆ ಏನೂ ಆಗುವುದಿಲ್ಲ, ಕಾಡಿನೊಳಗೆ ನಡೆದರೆ ಮಾತ್ರ ಯೋಚಿಸಬೇಕು.

ಪ್ರಶ್ನೆ (ಸೋಮವಾರಪೇಟೆ, ಕಾಫಿ ಬೆಳೆಗಾರರು): ತಿಂಗಳು ನೋಡಿ ಹೇಳಬಹುದು ಅಂತಾರೆ. ಮಳೆಗಾಲ ಆದರೆ ಡೆಂಗ್ಯೂ, ಬೇಸಿಗೆ ಆದರೆ ಮಂಗನ ಕಾಯಿಲೆ. ಸರಿನಾ?

ಡಾಕ್ಟರ್: ಅರ್ಧ ಸರಿ. ಮರಿ ಉಣುಗು ಜಾಸ್ತಿ ಇರುವುದು ನವೆಂಬರಿನಿಂದ ಮೇ ತನಕ, ಕೇಸುಗಳು ಏರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚ್. ಅಂದರೆ ಸರಿಯಾಗಿ ನಿಮ್ಮ ಕಾಫಿ ಕೊಯ್ಲು, ಕರಿಮೆಣಸು ಕೊಯ್ಲಿನ ಹೊತ್ತು, ಸೌದೆ ತರಗೆಲೆಗೆ ಜನ ಕಾಡಿಗೆ ಹೋಗುವ ಹೊತ್ತು. ಜೋರು ಮಳೆಯಲ್ಲಿ ಜ್ವರ ಬಂದರೆ ನಾನು ಮಂಗನ ಕಾಯಿಲೆಯನ್ನು ಪಟ್ಟಿಯಲ್ಲಿ ಕೆಳಗೆ ಇಡುತ್ತೇನೆ. ತೊಂದರೆ ಇರುವುದು ಮಾರ್ಚ್, ಏಪ್ರಿಲ್‌ನಲ್ಲಿ. ಈಡಿಸ್ ಮೊಟ್ಟೆ ಒಣಗಿದ ಡಬ್ಬಿಯಲ್ಲೂ ತಿಂಗಳುಗಟ್ಟಲೆ ಬದುಕಿರುತ್ತದೆ. ನಿಮಗೆ ಖುಷಿ ಕೊಡುವ, ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಹಳೆ ಟೈರು, ಪ್ಲಾಸ್ಟಿಕ್ ಶೀಟಿನ ಮಡಿಕೆ, ನರ್ಸರಿ ಮೂಲೆಯ ಡ್ರಮ್ಮಿನಲ್ಲಿ ನೀರು ನಿಂತರೆ ಅವು ಮರಿಯಾಗುತ್ತವೆ. ಆಗ ಎರಡು ಜ್ವರವೂ ಒಟ್ಟಿಗೇ ಇರಬಹುದು.

ಪ್ರಶ್ನೆ (ಅದೇ ಬೆಳೆಗಾರರು): ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದರೆ ಹೆದರಬೇಕು?

ಡಾಕ್ಟರ್: ಈ ಗುಂಪಿನಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನು ಕಾಫಿ ರೇಟಿನ ಹಾಗೆ ದಿನಾ ಹಾಕುತ್ತೀರಿ. ಅದೊಂದನ್ನೇ ನೋಡಬೇಡಿ. ಜ್ವರ ಬಿಟ್ಟ ಮೇಲೆ ಏನಾಗುತ್ತದೆ ನೋಡಿ. ಈ ಎರಡು ಕಾಯಿಲೆಗಳ ದೊಡ್ಡ ವ್ಯತ್ಯಾಸ ಇರುವುದು ಅಲ್ಲೇ.

ಡೆಂಗ್ಯೂನಲ್ಲಿ ಅಪಾಯದ ಹೊತ್ತು ಜ್ವರ ಇಳಿಯುವಾಗಲೇ ಬರುತ್ತದೆ, ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ಒಳಗೆ. ಮನೆಯವರು "ಜ್ವರ ಬಿಟ್ಟಿತು, ದೇವರು ದೊಡ್ಡವನು" ಅಂತ ಮನೆಗೆ ಕರೆದುಕೊಂಡು ಹೋಗುವ ದಿನವೇ ರಕ್ತನಾಳದಿಂದ ನೀರಿನಂಶ ಹೊರಗೆ ಸೋರಿ ಬಿಪಿ ಬೀಳುತ್ತದೆ. ಜೋರು ಹೊಟ್ಟೆನೋವು, ನಿಲ್ಲದ ವಾಂತಿ, ಕೈಕಾಲು ತಣ್ಣಗೆ, ಮೂತ್ರ ಕಡಿಮೆ, ವಸಡಿನಲ್ಲಿ ರಕ್ತ, ಸುಸ್ತಾಗಿ ತೂಕಡಿಸುವುದು, ಇದರಲ್ಲಿ ಒಂದು ಇದ್ದರೂ ಆಸ್ಪತ್ರೆ. ಪ್ಲೇಟ್‌ಲೆಟ್ 50 ಸಾವಿರ ಇದ್ದೂ ಆರಾಮಾಗಿ ಕುಳಿತು ಇಡ್ಲಿ ತಿನ್ನುವವರನ್ನು ನೋಡಿದ್ದೇನೆ, ಒಂದು ಲಕ್ಷ ಇದ್ದೂ ಶಾಕ್‌ಗೆ ಹೋದವರನ್ನೂ ನೋಡಿದ್ದೇನೆ. ಉಳಿಸುವುದು ಹೊತ್ತಿಗೆ ಸರಿಯಾಗಿ, ಅಳತೆಗೆ ಸರಿಯಾಗಿ ಕೊಟ್ಟ ದ್ರವ.

ಮಂಗನ ಕಾಯಿಲೆ ಬೇರೆ ದಾರಿ ಹಿಡಿಯುತ್ತದೆ. ಮೊದಲ ಸುತ್ತು ಒಂದೆರಡು ವಾರದಲ್ಲಿ ಮುಗಿಯುತ್ತದೆ, ಹೆಚ್ಚಿನವರು ಅಲ್ಲಿಗೆ ವಾಸಿ. ಆದರೆ ನೂರರಲ್ಲಿ ಹತ್ತರಿಂದ ಇಪ್ಪತ್ತು ಜನರಿಗೆ ಒಂದೆರಡು ವಾರ ಆರಾಮಾಗಿದ್ದು ಮತ್ತೆ ಜ್ವರ ಬರುತ್ತದೆ, ಆಗ ಅದು ಮಿದುಳಿಗೆ ತೊಂದರೆ ಕೊಡುತ್ತದೆ. ತೀವ್ರ ತಲೆನೋವು, ಕೈ ನಡುಕ, ಕಣ್ಣು ಮಂಜು, ಗೊಂದಲದ ಮಾತು. ಈ ಕಾಯಿಲೆಯಲ್ಲಿ ಸಾವು ನೂರಕ್ಕೆ ಮೂರರಿಂದ ಐದು, ಸರಿಯಾಗಿ ನೋಡಿಕೊಂಡ ಡೆಂಗ್ಯೂನಲ್ಲಿ ಒಂದಕ್ಕಿಂತ ಕಡಿಮೆ. ಎರಡಕ್ಕೂ ವೈರಸ್ ಕೊಲ್ಲುವ ಔಷಧ ಇಲ್ಲ.

ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್ ಇಂಜೆಕ್ಷನ್, ಬ್ರುಫೆನ್, ಆಸ್ಪಿರಿನ್ ಯಾವುದೂ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದ ಅಳತೆಯಲ್ಲಿ. ಪಪ್ಪಾಯಿ ಎಲೆ ರಸ ಕುಡಿಸಿ ಎರಡು ದಿನ ಕಾಯ್ದು ಕೊನೆಗೆ ಆಂಬ್ಯುಲೆನ್ಸ್‌ನಲ್ಲಿ ತರುವವರ ಮೇಲೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ.

ಪ್ರಶ್ನೆ (ತಿತಿಮತಿಯಿಂದ): ಲಸಿಕೆ ಇಲ್ವಾ ಸರ್?

ಡಾಕ್ಟರ್: ಮಂಗನ ಕಾಯಿಲೆಗೆ ಹಳೆಯ ಲಸಿಕೆ ಒಂದಿತ್ತು. ಸಾಕಷ್ಟು ರಕ್ಷಣೆ ಕೊಡುತ್ತಿರಲಿಲ್ಲ, 2022ರ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ. ಡೆಂಗ್ಯೂಗೆ ಭಾರತದಲ್ಲೇ ಮಾಡಿದ ಒಂದು ಲಸಿಕೆಯ ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಯಿತು. ಲಸಿಕೆ ಬರುವ ತನಕ ಕಾಡಿಗೆ ಹೋಗುವವರು ಉಣುಗು ಹತ್ತಿರ ಬಾರದಂತೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಉದ್ದ ಪ್ಯಾಂಟು, ಅದರ ತುದಿ ಸಾಕ್ಸಿನೊಳಗೆ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬೇರೆ ಒಗೆಯಬೇಕು. ಮೈಮೇಲೆ ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೀಡಿ ಬೆಂಕಿ ಬೇಡ. ಸತ್ತ ಮಂಗದ ಹತ್ತಿರ ಹೋಗಲೇಬೇಡಿ, ಅದರ ಮೈಯಿಂದ ಇಳಿದ ಉಣುಗು ಅಲ್ಲೇ ಸುತ್ತ ಇರುತ್ತದೆ. ಹೂಳುವುದೂ ನಿಮ್ಮ ಕೆಲಸವಲ್ಲ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ರೈಟರ್ (ಸಂಜೆ): ಡಾಕ್ಟ್ರೇ, ಅಡ್ಮಿಟ್ ಮಾಡಿಕೊಂಡರು. ಮಂಗದ ವಿಷಯ ಹೇಳಿದ ಕೂಡಲೇ ಸ್ಯಾಂಪಲ್ ತೆಗೆದರು, ಕಪ್ಪು ಹಕ್ಕಳೆ ಇಲ್ಲ. ಫಾರೆಸ್ಟಿನವರು ನಾಳೆ ಬರುತ್ತಾರಂತೆ. ಕೊಯ್ಲು ಅರ್ಧ ಬಾಕಿ, ಇವನು ಎಷ್ಟು ದಿನಕ್ಕೆ ಕೆಲಸಕ್ಕೆ ಬರಬಹುದು ಅಂತ ಧಣಿ ಕೇಳುತ್ತಿದ್ದಾರೆ.

ಡಾಕ್ಟರ್: ಒಳ್ಳೆಯ ಕೆಲಸ ಮಾಡಿದಿರಿ. ರಿಪೋರ್ಟ್ ಪಾಸಿಟಿವ್ ಬಂದರೆ ಈ ಕೊಯ್ಲಿಗೆ ಅವನನ್ನು ಲೆಕ್ಕಕ್ಕೆ ಹಿಡಿಯಬೇಡಿ ಅಂತ ಧಣಿಗೆ ಹೇಳಿ, ಜ್ವರ ಬಿಟ್ಟ ಮೇಲೂ ವಾರಗಟ್ಟಲೆ ನಿಶ್ಶಕ್ತಿ ಇರುತ್ತದೆ. ಡಿಸ್ಚಾರ್ಜ್ ಆದ ಮೇಲೆ ಮೂರು ವಾರ ಅವನನ್ನು ಒಬ್ಬನೇ ಒಂದು ಕೋಣೆಯಲ್ಲಿ ಬಿಡಬೇಡಿ. ಮತ್ತೆ ಜ್ವರ, ತಲೆನೋವು, ಮಾತು ತೊದಲಿದರೆ ರಾತ್ರಿ ಎಷ್ಟು ಹೊತ್ತಾದರೂ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹಳೆ ಚೀಟಿ ಜೊತೆಗಿರಲಿ. ಅವನ ಜೊತೆ ಸೌದೆಗೆ ಹೋದವರು ಯಾರು ಯಾರು? ಅವರ ಹೆಸರು ಬರೆದಿಟ್ಟುಕೊಂಡು ಎರಡು ವಾರ ದಿನಾ ಬೆಳಿಗ್ಗೆ ಹಾಜರಿ ಹಾಕುವಾಗ ಜ್ವರ ಇದೆಯಾ ಅಂತ ಕೇಳಿ.