ಅಪ್‌ಡೇಟ್: ಮಾಯವಾಗಿದ್ದ ಬ್ಲೂಟೂತ್ ವಾಪಸ್ ಬಂತು

ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ವೈಫೈ ಸರಿಯಾಗಿದೆ, ಬ್ಲೂಟೂತ್ ಬಟನ್ನೇ ಕಾಣಿಸುತ್ತಿಲ್ಲ ಅಂತ ಕೇಳಿದ್ದೆ. ಈಗ ಸರಿಹೋಗಿದೆ, ಎಲ್ಲರಿಗೂ ಥ್ಯಾಂಕ್ಸ್.

ಡ್ರೈವರ್ (ಬ್ಲೂಟೂತ್ ನಡೆಸೋ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿದ್ದರಿಂದ ಏನೂ ಆಗಲಿಲ್ಲ. ಲ್ಯಾಪ್‌ಟಾಪ್‌ನ ಭಾಗಗಳ ಪಟ್ಟಿ ತೋರಿಸೋ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅನ್ನೋ ಸಾಲೇ ಇರಲಿಲ್ಲ. ಬದಲಿಗೆ ಯುಎಸ್‌ಬಿ ಪಟ್ಟಿಯಲ್ಲಿ ಹಳದಿ ಗುರುತು ಹೊತ್ತ 'ಅನ್‌ನೋನ್ ಯುಎಸ್‌ಬಿ ಡಿವೈಸ್' ಕೂತಿತ್ತು. ಸುಳಿವು ಅಲ್ಲೇ ಇತ್ತು. ವೈಫೈ, ಬ್ಲೂಟೂತ್ ಎರಡೂ ಒಂದೇ ಕಾರ್ಡ್‌ನಲ್ಲಿದ್ದರೂ ಬ್ಲೂಟೂತ್ ಭಾಗ ಸಾಮಾನ್ಯವಾಗಿ ಒಳಗಿನ ಯುಎಸ್‌ಬಿ ದಾರಿ ಹಿಡಿಯುತ್ತೆ, ವೈಫೈದು ಬೇರೆ ದಾರಿ. ಅದಕ್ಕೇ ಒಂದು ಕೈಕೊಟ್ಟರೂ ಇನ್ನೊಂದು ಓಡುತ್ತೆ.

ನಮ್ಮ ರಾಯಚೂರಿನ ಅಂಗಡಿಯವರು "ಕಾರ್ಡ್ ಹೋಗೇದ್ರಿ ಸರ್, ಹೊಸದು ಹಾಕ್ಬೇಕು" ಅಂದರು. ದುಡ್ಡು ಕೊಡೋ ಮುಂಚೆ ನಿಮ್ಮಲ್ಲೊಬ್ಬರು ಹೇಳಿದ್ದನ್ನ ನೋಡೇಬಿಡೋಣ ಅಂತ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ. ಆನ್ ಮಾಡಿದ ಕೂಡಲೇ ಬಟನ್ ಹಾಜರ್!

ಸುಮ್ನೆ ಶಟ್‌ಡೌನ್ ಕೊಟ್ಟರೆ ಸಾಲದು. ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗೋಕೆ ಇರೋ ಸೆಟ್ಟಿಂಗ್) ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ. (ರೀಸ್ಟಾರ್ಟ್‌ನಲ್ಲಿ ಪೂರ್ತಿ ಮುಚ್ಚುತ್ತೆ. ವಿಚಿತ್ರ ಅಲ್ವಾ?) ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ತೆಗೆದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್‌ನ ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಬ್ಯಾಟರಿ ಉಳಿಸೋಕೆ ಅದನ್ನ ಆಫ್ ಮಾಡುವ ಟಿಕ್ಕನ್ನೂ ತೆಗೆದೆ. ಈಗ ಸ್ಲೀಪ್‌ನಿಂದ ಎದ್ದರೂ ಇಯರ್‌ಬಡ್ಸ್ ತಾನಾಗೇ ಕನೆಕ್ಟ್ ಆಗುತ್ತಿದೆ.