ಡೇ ಕೇರ್ ಸೆಂಟರ್‌ನಲ್ಲಿ ಕೈತೋಟ ಮಾಡಬೇಕು ಅಂತಿದ್ದೇವೆ, ಎಲ್ಲಿಂದ ಶುರು ಮಾಡಲಿ?

ಹೊಂಗೆನೆರಳು:
ಎಲ್ಲರಿಗೂ ನಮಸ್ಕಾರ. ನಾನು ಇರುವುದು ಬೆಂಗಳೂರಿನಲ್ಲಿ. ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರಿಗಾಗಿ ನಮ್ಮ ಬಡಾವಣೆಯಲ್ಲಿ ಒಂದು ಡೇ ಕೇರ್ ಸೆಂಟರ್ ಇದೆ. ಹತ್ತು ಹನ್ನೆರಡು ಜನ ಬರುತ್ತಾರೆ. ಅವರಲ್ಲಿ ನನ್ನ ತಮ್ಮನೂ ಒಬ್ಬ. ಅವನಿಗೆ ಸ್ಕಿಜೋಫ್ರೇನಿಯಾ. ಮಾತ್ರೆ ತಪ್ಪಿಸುವುದಿಲ್ಲ. ಬೆಳಗ್ಗೆ ಹೋಗುತ್ತಾನೆ, ಟಿವಿ ನೋಡುತ್ತಾನೆ, ಕೇರಂ ಆಡುತ್ತಾನೆ, ಸಂಜೆ ಬರುತ್ತಾನೆ. ಚಿಕ್ಕವನಿದ್ದಾಗ ಮಾಗಡಿ ಹತ್ತಿರದ ನಮ್ಮೂರಲ್ಲಿ ಅಜ್ಜಿಯ ಹಿಂದೆ ಹಿತ್ತಲೆಲ್ಲ ಸುತ್ತುತ್ತಿದ್ದ. ಅವನ ಕೈಗೆ ಒಂದು ಕೆಲಸ ಬೇಕು ಅಂತ ನನಗೆ ಬಹಳ ಆಸೆ.

ಸೆಂಟರ್‌ಗೆ ದೊಡ್ಡ ತಾರಸಿ ಇದೆ. ಕಾಂಪೌಂಡ್ ಪಕ್ಕ ಉದ್ದಕ್ಕೆ ಖಾಲಿ ಜಾಗವೂ ಇದೆ, ಈಗ ಅಲ್ಲಿ ಮುರಿದ ಕುರ್ಚಿ ಹಾಕಿದ್ದಾರೆ. ಎದುರಿನ ಹಾಸ್ಟೆಲ್‌ನ ಪಿಯುಸಿ ಹುಡುಗರು ಕೆಲವರು ನಾವೂ ಬರುತ್ತೇವೆ ಅಂದಿದ್ದಾರೆ, ವಾರ್ಡನ್ ಒಪ್ಪಿದ್ದಾರೆ. ತಾರಸಿಯಲ್ಲಿ ಮಾಡಲಾ, ಕೆಳಗೆ ಮಾಡಲಾ? ಹುಡುಗರನ್ನೂ ಇವರನ್ನೂ ಒಟ್ಟಿಗೆ ಸೇರಿಸಬಹುದಾ? ಮೊದಲು ಏನು ಹಾಕಬೇಕು?

ತೋಟದ ಮೇಷ್ಟ್ರು:
ಕೆಳಗೇ ಮಾಡಿ. ಇದೊಂದು ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ. ತಾರಸಿಗೆ ಬಿಸಿಲು ಚೆನ್ನಾಗಿ ಬೀಳುತ್ತದೆ, ನಿಜ. ಆದರೆ ಖಿನ್ನತೆ ಇರುವವರು, ಹಿಂದೆ ಜೀವಕ್ಕೆ ಅಪಾಯ ಮಾಡಿಕೊಳ್ಳಲು ಹೋದವರು ನಿಮ್ಮ ಗುಂಪಿನಲ್ಲಿ ಇರಬಹುದು. ಮೊಣಕಾಲೆತ್ತರದ ಪ್ಯಾರಪೆಟ್ ನಂಬಿಕೊಂಡು ಅವರನ್ನು ಮೇಲೆ ಕರೆದುಕೊಂಡು ಹೋಗಬೇಡಿ.

ಅಂಗವಿಕಲರಿಗೆ ತೋಟಗಾರಿಕೆ ಕಲಿಸುವ ಕೆಲಸದಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ಬೆಂಗಳೂರಿಗೆ ಇದು ಹೊಸದಲ್ಲ. 1959ರಲ್ಲಿ ಶುರುವಾದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆಯವರು ಅಂಗವಿಕಲ ಯುವಕ ಯುವತಿಯರಿಗೆ ತೋಟಗಾರಿಕೆ ತರಬೇತಿ ಕೊಡುತ್ತಾ ಬಂದಿದ್ದಾರೆ. ಜೀವನ್ ಬಿಮಾ ನಗರದಲ್ಲಿ ಅವರ ನರ್ಸರಿ ಇದೆ. ನಿಮ್ಹಾನ್ಸ್‌ನ ಪುನರ್ವಸತಿ ವಿಭಾಗದಲ್ಲಿ ಬೇಕರಿ, ಮರಗೆಲಸದ ಜೊತೆ ತೋಟಗಾರಿಕೆಯೂ ಉಂಟು. ಎರಡೂ ಕಡೆ ಒಮ್ಮೆ ನೋಡಿಕೊಂಡು ಬನ್ನಿ. ತಮ್ಮನನ್ನೂ ಕರೆದುಕೊಂಡು ಹೋಗಿ.

ಇನ್ನು ಬೆಳೆ. ಮೊದಲು ಹಾಕಬೇಕಾದದ್ದು ಸೊಪ್ಪು. ದಂಟು, ಮೆಂತ್ಯ ಹಾಕಿದರೆ ಮೂರು ನಾಲ್ಕು ವಾರದಲ್ಲಿ ಕೈಗೆ ಬರುತ್ತದೆ. ಮೂಲಂಗಿಗೆ ಒಂದೂವರೆ ತಿಂಗಳು. ಟೊಮೆಟೊ, ಬದನೆ ಆಮೇಲೆ ಇರಲಿ. ಮನಸ್ಸು ಕುಗ್ಗಿದವರಿಗೆ ಮೂರು ತಿಂಗಳು ಕಾಯುವುದು ಬಹಳ ಕಷ್ಟ. ಮೆಂತ್ಯ ಮೂರನೇ ದಿನಕ್ಕೆ ಮೊಳಕೆ ಒಡೆಯುತ್ತದೆ. ಅದನ್ನು ನೋಡುವುದಕ್ಕೇ ಮರುದಿನ ಬೇಗ ಬಂದವರು ನನ್ನ ಹತ್ತಿರ ಎಷ್ಟೋ ಜನ ಇದ್ದರು. ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಸಮ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ.

ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ಮಾನಸಿಕ ಕಾಯಿಲೆಯ ಕೆಲವು ಮಾತ್ರೆ ತೆಗೆದುಕೊಳ್ಳುವವರ ಮೈ ಸೆಕೆ ತಡೆಯುವುದಿಲ್ಲ. ಕ್ಲೋರ್‌ಪ್ರೊಮಜೈನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಲಿಥಿಯಂ ತೆಗೆದುಕೊಳ್ಳುವವರು ಬೆವರಿ ಬೆವರಿ ನೀರು ಕುಡಿಯದೇ ಇದ್ದರೆ ರಕ್ತದಲ್ಲಿ ಅದರ ಮಟ್ಟ ಏರಿ ಅಪಾಯವಾಗುತ್ತದೆ. ಬೆಳಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಮಾತ್ರ ಕೆಲಸ. ಟೋಪಿ, ಕುಡಿಯುವ ನೀರು ಪಕ್ಕದಲ್ಲೇ ಇರಲಿ. ಯಾರ್ಯಾರು ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರವರ ಡಾಕ್ಟರನ್ನು ಕೇಳಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬೊಬ್ಬರಿಗೆ ಒಂದೊಂದು ಮಡಿ ಅವರದ್ದೇ ಅಂತ ಬಿಟ್ಟುಕೊಡಿ. ಏನು ಹಾಕಬೇಕು, ಯಾವಾಗ ಕೀಳಬೇಕು ಅವರೇ ಹೇಳಲಿ. ಹತ್ತಾರು ವರ್ಷಗಳಿಂದ ಅವರ ಊಟ, ಬಟ್ಟೆ, ಮಾತ್ರೆ ಎಲ್ಲವನ್ನೂ ಬೇರೆಯವರೇ ತೀರ್ಮಾನ ಮಾಡಿರುತ್ತಾರೆ. ಈ ನಾಲ್ಕಡಿ ಜಾಗದಲ್ಲಾದರೂ ಅವರ ಮಾತು ನಡೆಯಲಿ.

ಗಿರಿನಗರದ ಅಮ್ಮ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮಗನಿಗೆ ಬುದ್ಧಿಮಾಂದ್ಯ. ಅವನು ಹೋಗುತ್ತಿದ್ದ ಒಂದು ಕಡೆ ಇಂಥದ್ದೇ ತೋಟ ಮಾಡಿದರು. ಉದ್ಘಾಟನೆ ಜೋರಾಗಿ ಆಯಿತು, ಕಂಪನಿಯವರು ಟೀ ಶರ್ಟ್ ಹಾಕಿಕೊಂಡು ಬಂದು ಗಿಡ ನೆಟ್ಟು ಫೋಟೋ ತೆಗೆಸಿಕೊಂಡರು. ಆಮೇಲೆ ನೀರು ಹಾಕುವವರೇ ಇಲ್ಲ. ಏಪ್ರಿಲ್ ಬಿಸಿಲಿಗೆ ಎಲ್ಲ ಒಣಗಿತು. ನನ್ನ ಮಗ ಆ ಒಣಗಿದ ಗಿಡದ ಹತ್ತಿರ ಹೋಗಿ ನಿಲ್ಲುತ್ತಿದ್ದ. ತನ್ನಿಂದಲೇ ಹೀಗಾಯಿತು ಅಂದುಕೊಂಡಿದ್ದ. ದಯವಿಟ್ಟು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಿ ಅಮ್ಮಾ. ವಾರಕ್ಕೆ ಮೂರೇ ದಿನ ಆದರೂ ಪರವಾಗಿಲ್ಲ. ಅದೇ ಮನುಷ್ಯ, ಅದೇ ಹೊತ್ತಿಗೆ ಬರಬೇಕು. ನಮ್ಮ ಮಕ್ಕಳಿಗೆ ಮುಖ ಬದಲಾಗುತ್ತಾ ಹೋದರೆ ಆಗುವುದಿಲ್ಲ.

ರೆಡಿಂಗ್ ಕನ್ನಡಿಗ:
ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಇದ್ದೇನೆ. ಇಲ್ಲಿ ಹತ್ತಿರದಲ್ಲೇ, ತೋಟದ ಕೆಲಸದ ಮೂಲಕ ಅಂಗವಿಕಲರಿಗೆ, ಕಾಯಿಲೆಯವರಿಗೆ ನೆರವಾಗುವ ಥ್ರೈವ್ ಸಂಸ್ಥೆಯ ತೋಟ ಇದೆ. ಥ್ರೈವ್ ಸಂಸ್ಥೆಯನ್ನು 1978ರಲ್ಲಿ ಶುರು ಮಾಡಿದ ಕ್ರಿಸ್ ಅಂಡರ್‌ಹಿಲ್ ಅವರೇ ಮುಂದೆ ಬೇಸಿಕ್ ನೀಡ್ಸ್ ಅನ್ನುವ ಇನ್ನೊಂದು ಸಂಸ್ಥೆ ಕಟ್ಟಿದರು. ಆ ಸಂಸ್ಥೆ ಬೆಂಗಳೂರಿನಲ್ಲೂ ನೆಲೆ ಮಾಡಿಕೊಂಡು, ಹಳ್ಳಿಗಳಲ್ಲಿ ಮಾನಸಿಕ ಕಾಯಿಲೆ ಇರುವವರ ಚಿಕಿತ್ಸೆ, ಜೀವನೋಪಾಯ ಎರಡನ್ನೂ ಒಟ್ಟಿಗೆ ನೋಡಿಕೊಂಡಿತು. ಇಲ್ಲಿಂದ ನೀವು ತೆಗೆದುಕೊಳ್ಳಬಹುದಾದ ಒಂದು ಸಂಗತಿ: ಮಡಿಗಳನ್ನು ಸೊಂಟದೆತ್ತರಕ್ಕೆ ಎತ್ತರಿಸಿ. ವೀಲ್‌ಚೇರ್‌ನವರಿಗೂ, ಬಗ್ಗಲಾಗದ ವಯಸ್ಸಾದವರಿಗೂ ಕೈ ಎಟಕುತ್ತದೆ.

ಹೊಂಗೆನೆರಳು:
ತಾರಸಿ ವಿಚಾರ ನನಗೆ ಹೊಳೆದೇ ಇರಲಿಲ್ಲ. ಕೆಳಗೇ ಮಾಡುತ್ತೇವೆ. ಅಮ್ಮಾ, ನಿಮ್ಮ ಮಗನ ವಿಷಯ ಓದಿ ಸಂಕಟವಾಯಿತು. ಸಂಬಳದ ಬಗ್ಗೆ ಅಪಾರ್ಟ್‌ಮೆಂಟ್ ಸಂಘದವರ ಹತ್ತಿರ ಮಾತಾಡುತ್ತೇನೆ. ಮೇಷ್ಟ್ರೇ, ಹುಡುಗರ ಬಗ್ಗೆ ಹೇಳಲಿಲ್ಲ. ಬೆಳೆದ ಸೊಪ್ಪನ್ನು ಮಾರಬಹುದಾ?

ತೋಟದ ಮೇಷ್ಟ್ರು:
ಹುಡುಗರನ್ನು ಖಂಡಿತ ಸೇರಿಸಿ. ಆದರೆ "ಸೇವೆ ಮಾಡಲು ಬನ್ನಿ" ಅಂತ ಕರೆಯಬೇಡಿ. ಹದಿನೇಳರ ಹುಡುಗರಿಗೆ ಏನಾದರೂ ಕಟ್ಟುವ ಕೆಲಸ ಇಷ್ಟ. ಡ್ರಿಪ್ ಪೈಪ್ ಜೋಡಿಸುವುದು, ಕಾಂಪೋಸ್ಟ್ ಗುಂಡಿ, ಅವರೆ ಬಳ್ಳಿಗೆ ಚಪ್ಪರ, ಇದನ್ನೆಲ್ಲ ವಹಿಸಿ. ನಿಮ್ಮ ತಮ್ಮನಿಗೆ ಅಜ್ಜಿಯ ಹಿತ್ತಲು ನೆನಪಿದ್ದರೆ ಅವರೆ ಹಾಕುವುದನ್ನು ಅವನೇ ಹೇಳಿಕೊಡಲಿ. ಹಾಸ್ಟೆಲ್ ಹುಡುಗರಲ್ಲಿ ಹಳ್ಳಿಯಿಂದ ಬಂದವರು ಇರುತ್ತಾರೆ, ಅವರಿಗೂ ಊರ ಮಾತು ಸಿಗುತ್ತದೆ.

ಧಾರಾಳವಾಗಿ ಮಾರಿ. ಆದರೆ ಆ ದುಡ್ಡು ಬೆಳೆದವರಿಗೆ ಹೋಗಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿ ಇದೆ: ಚಿಕಿತ್ಸಾ ಕೇಂದ್ರಗಳಲ್ಲಿ ಯಾರಿಗೂ ಬಲವಂತದಿಂದ ಕೆಲಸ ಹಚ್ಚುವಂತಿಲ್ಲ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಕೊಡಬೇಕು. ನಿಮ್ಮ ಸೆಂಟರ್ ಚಿಕ್ಕದಾದರೂ ಇದೇ ನಿಯಮ ಇಟ್ಟುಕೊಳ್ಳಿ. ಒಂದು ಕಟ್ಟು ಸೊಪ್ಪಿಗೆ ಇಷ್ಟು ಅಂತ ಒಂದು ಪುಸ್ತಕದಲ್ಲಿ ಬರೆದು, ವಾರದ ಕೊನೆಗೆ ಅವರ ಕೈಗೇ ಕೊಡಿ. ಮನೆಯವರ ಕೈಗೆ ಬೇಡ.