ಹೊರದೇಶದ ಹೋಟೆಲಿನಲ್ಲಿ ಅಮ್ಮನಿಗೆ ಬೇಜಾರಾಯಿತು. ಇಂಥ ಕಡೆ ನೀವೆಲ್ಲ ಏನು ಮಾಡ್ತೀರಿ?

ಕೇಳಿದವರು: ಊರು ತುಮಕೂರು, ಈಗ ಜರ್ಮನಿಯ ಸ್ಟುಟ್‌ಗಾರ್ಟ್

ನಮ್ಮ ಮನೆ ಕ್ಯಾತ್ಸಂದ್ರದಲ್ಲಿ. ನಾನು ಇಲ್ಲಿಗೆ ಬಂದು 8 ತಿಂಗಳಾಯಿತು. ಅಮ್ಮ ಮೊದಲ ಸಲ ಬಂದಿದ್ದಾರೆ. ಇಲ್ಲಿನ ಊಟ ತೋರಿಸೋಣ ಅಂತ ಹೋದ ಶನಿವಾರ ರಾತ್ರಿ ಒಂದು ಹೋಟೆಲಿಗೆ ಕರೆದುಕೊಂಡು ಹೋದೆ. ಕೂತು 20 ನಿಮಿಷ ಆದರೂ ಯಾರೂ ತಿರುಗಿ ನೋಡಲಿಲ್ಲ. ನೀರು ಕೂಡ ಇಡಲಿಲ್ಲ. ಅಮ್ಮ ಬ್ಯಾಗಿನಿಂದ ಸ್ಟೀಲ್ ಬಾಟಲಿ ತೆಗೆದು ಎರಡು ಗುಟುಕು ಕುಡಿದರು. ಸಪ್ಲೈಯರ್ ಬಂದು, ಹೊರಗಿನ ನೀರು ಕುಡಿಯುವಂತಿಲ್ಲ ಅಂತ ಬೆರಳು ಆಡಿಸಿದ. ಅಮ್ಮನಿಗೆ ಭಾಷೆ ಬರಲ್ಲ. ಬೆರಳು ಅರ್ಥವಾಯಿತು. ಬಾಟಲಿಗೆ ಮುಚ್ಚಳ ಹಾಕಿ ಮಡಿಲಲ್ಲಿ ಇಟ್ಟುಕೊಂಡರು. ಎದ್ದು ಬರುವವರೆಗೂ ಎಡಗೈ ಅದರ ಮೇಲೇ ಇತ್ತು.

ಮಾಂಸ ಇಲ್ಲದ ಸೂಪು ಕೊಡಿ ಅಂದಿದ್ದೆ. ತಿಳಿಸಾರಿನಲ್ಲಿ ದೋಸೆಯನ್ನು ಎಳೆ ಎಳೆಯಾಗಿ ಕತ್ತರಿಸಿ ಹಾಕಿದಂಥ ಸೂಪು ಬಂತು. ಅಮ್ಮ ಅರ್ಧ ಕುಡಿದಿದ್ದರು. ಅಷ್ಟರಲ್ಲಿ ಪಕ್ಕದ ಮೇಜಿನವರು, ಅದು ದನದ ಮೂಳೆ ಬೇಯಿಸಿದ ಸಾರು ಅಂತ ಹೇಳಿದರು. ನಾವು ಮಾಂಸ ತಿನ್ನುವವರಲ್ಲ. ಅಮ್ಮ ಏನೂ ಅನ್ನಲಿಲ್ಲ. ಮನೆಗೆ ಬಂದು ತಲೆಗೆ ಸ್ನಾನ ಮಾಡಿ ಮಲಗಿದರು. ಬಿಲ್ಲಿಗೂ ಅರ್ಧ ಗಂಟೆ ಕಾಯಿಸಿದರು. ನಾನು ಬಾಯಿ ಮುಚ್ಚಿಕೊಂಡು ಪೂರ್ತಿ ದುಡ್ಡು ಕೊಟ್ಟು ಬಂದೆ. ಅದೇ ಈಗ ಕೊರೆಯುತ್ತಿದೆ.

ಅಮ್ಮ ಇನ್ನೂ 5 ವಾರ ಇರುತ್ತಾರೆ. ಇನ್ನು ಹೊರಗೆ ಊಟವೇ ಬೇಡ ಅನ್ನಿಸಿದೆ. ತಪ್ಪು ನಮ್ಮದಾ, ಅವರದಾ? ನೀವಾದರೆ ಏನು ಮಾಡುತ್ತಿದ್ದಿರಿ?

ಗುಬ್ಬಿ, 6 ವರ್ಷದಿಂದ ಮ್ಯೂನಿಕ್

ಅಮ್ಮ ಸ್ನಾನ ಮಾಡಿ ಮಲಗಿದರು ಅಂತ ಓದಿ ಸಂಕಟವಾಯಿತು. ನಾವೂ ಅಂಥದೇ ಮನೆಯವರು.

ಆ ರಾತ್ರಿ ನಡೆದದ್ದನ್ನೆಲ್ಲ ಒಂದೇ ಗಂಟು ಕಟ್ಟಬೇಡಿ. ನೀರು, ಬಿಲ್ಲು ಇಲ್ಲಿನ ರೂಢಿ. ಸೂಪು ಮಾತ್ರ ಅವರ ತಪ್ಪು. ಬೆರಳು ಆಡಿಸಿದ್ದು ಆ ಮನುಷ್ಯನ ಒರಟುತನ. ಬಂದ ಹೊಸದರಲ್ಲಿ ನನಗೆ ಇವು ಬೇರೆ ಬೇರೆ ಅಂತ ಗೊತ್ತಿರಲಿಲ್ಲ. ಎಲ್ಲದಕ್ಕೂ ಸಿಟ್ಟು ಬರುತ್ತಿತ್ತು, ಒಂದಕ್ಕೂ ಬಾಯಿ ಬಿಡುತ್ತಿರಲಿಲ್ಲ.

ನಮ್ಮಲ್ಲಿ ಕೂತ ತಕ್ಷಣ ನೀರು ಬರುತ್ತೆ, ಆಮೇಲೆ ಏನು ಕೊಡಲಿ ಅಂತ ಕೇಳುತ್ತಾರೆ. ಇಲ್ಲಿ ನೀರೂ ದುಡ್ಡಿಗೇ. ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು ಅನ್ನುವ ಕಾನೂನು ಜರ್ಮನಿಯಲ್ಲಿ ಇಲ್ಲ. ‘ಲೈಟುಂಗ್ಸ್‌ವಾಸರ್’ ಅಂತ ಕೇಳಿ ನೋಡಿ. ಕೆಲವರು ಕೊಡುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ. ಬರೀ ‘ವಾಸರ್’ ಅಂದರೆ ಗ್ಯಾಸ್ ತುಂಬಿದ ನೀರು ಬರುವುದೇ ಜಾಸ್ತಿ. ಅದಕ್ಕೆ ‘ಶ್ಟಿಲ್’ ಅಂತ ಸೇರಿಸಿ ಹೇಳಿ. ಅಮ್ಮ ಮಾತ್ರೆ ತಗೊಳ್ಳುವವರಾದರೆ ಅದನ್ನೂ ಮೊದಲೇ ತಿಳಿಸಿ. ನಮ್ಮ ಅಪ್ಪನಿಗೆ ಹಾಗೆ ಕೇಳಿದಾಗ ಒಬ್ಬರೂ ಇಲ್ಲ ಅನ್ನಲಿಲ್ಲ.

ಬಿಲ್ಲಿನ ಕಥೆ ಪೂರ್ತಿ ಉಲ್ಟಾ. ನಮ್ಮಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಬಿಲ್ಲು ಮೇಜಿನ ಮೇಲಿರುತ್ತೆ, ಯಾಕೆಂದರೆ ಕುರ್ಚಿ ಹಿಂದೆ ಇನ್ನೊಬ್ಬರು ಕಾಯುತ್ತಾ ನಿಂತಿರುತ್ತಾರೆ. ಇಲ್ಲಿ ಕೇಳದೆ ಬಿಲ್ಲು ತಂದಿಟ್ಟರೆ ಏಳಿ ಅಂತ ಹೇಳಿದ ಹಾಗೆ. ಕೇಳುವವರೆಗೂ ತರುವುದಿಲ್ಲ. ಕಣ್ಣಿಗೆ ಕಣ್ಣು ಸಿಕ್ಕಾಗ ಕೈ ಸ್ವಲ್ಪ ಎತ್ತಿ ‘ತ್ಸಾಲೆನ್, ಬಿಟ್ಟೆ’ ಅನ್ನಿ. ದುಡ್ಡು ಕೊಡುತ್ತೇವೆ ಅಂತ ಅರ್ಥ. ಆರ್ಡರಿಗೂ ಹಾಗೆಯೇ. ಮೆನು ಕಾರ್ಡು ಬಿಚ್ಚಿ ಹಿಡಿದಿದ್ದರೆ ಇನ್ನೂ ಆರಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮುಚ್ಚಿ ಮೇಜಿನ ಅಂಚಿಗಿಡಿ, ಬರುತ್ತಾರೆ.

ಇನ್ನು ಸೂಪು. ನೀವು ಹೇಳಿದ್ದು ಫ್ಲೇಡ್ಲೆ ಸೂಪು ಇರಬೇಕು. ನೋಡಲು ಪಾಪದ್ದು, ಆದರೆ ಸಾರು ಸಾಮಾನ್ಯವಾಗಿ ದನದ್ದೇ. ನಿಮ್ಮ ಕಡೆ ಇನ್ನೊಂದಿದೆ, ಲಿನ್ಸೆನ್ ಮಿಟ್ ಶ್ಪೆಟ್ಸ್‌ಲೆ, ಅಂದರೆ ಬೇಳೆ ಜೊತೆ ದಪ್ಪ ಶಾವಿಗೆಯಂಥದ್ದು. ಬೇಳೆ ಊಟ ಅಂತ ಖುಷಿಯಾಗುತ್ತೆ. ಅದಕ್ಕೆ ಸಾಸೇಜು ಜೊತೆಗಿರುತ್ತೆ, ಎಷ್ಟೋ ಕಡೆ ಬೇಳೆಯನ್ನೇ ಹಂದಿ ಕೊಬ್ಬಿನ ಜೊತೆ ಬೇಯಿಸಿರುತ್ತಾರೆ. ಮೌಲ್‌ತಾಶೆನ್ ನಮ್ಮ ಕರ್ಜಿಕಾಯಿ ಥರ ಕಾಣುತ್ತೆ, ಒಳಗೆ ಮಾಂಸ. ಕೇಸೆಶ್ಪೆಟ್ಸ್‌ಲೆ ಅಂದರೆ ಚೀಸು, ಮೇಲೆ ಕರಿದ ಈರುಳ್ಳಿ. ಅದರಲ್ಲಿ ಮೊಟ್ಟೆ ಇರುತ್ತೆ, ಅಮ್ಮನಿಗೆ ಪರವಾಗಿಲ್ಲವಾ ಕೇಳಿಕೊಳ್ಳಿ.

ಮೆನುವಿನ ಪಕ್ಕದ ಅಂಕಿ, ಅಕ್ಷರಗಳನ್ನು ನಂಬಿ ಕೂರಬೇಡಿ. ಯುರೋಪಿನಲ್ಲಿ 2014ರ ಡಿಸೆಂಬರ್‌ನಿಂದ 14 ಬಗೆಯ ಅಲರ್ಜಿ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಹಾಲು, ಸಾಸಿವೆ, ಎಳ್ಳು, ಮೀನು ಎಲ್ಲಾ ಆ ಪಟ್ಟಿಯಲ್ಲಿವೆ. ದನದ ಸಾರು ಇಲ್ಲ. ‘ಓನೆ ಫ್ಲೈಶ್’, ಅಂದರೆ ಮಾಂಸ ಬೇಡ, ಅಂದಾಗ ಆ ಹುಡುಗ ಮಾಂಸದ ತುಂಡು ಬೇಡ ಅಂತ ತಿಳಿದಿರಬಹುದು. ‘ಓನೆ ಫ್ಲೈಶ್‌ಬ್ರೂಯೆ’ ಅಂತಲೂ ಹೇಳಬೇಕು. ಮಾಂಸದ ಸಾರೂ ಬೇಡ ಅಂತ. ನಾನು ಇದನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಚೀಟಿ ಅಡುಗೆಮನೆವರೆಗೂ ಹೋಗುತ್ತೆ. ಬಾಯಿಮಾತು ದಾರಿಯಲ್ಲೇ ಅರ್ಧ ಉದುರಿಹೋಗುತ್ತೆ.

ಮಾಲೂರು, ಈಗ ನ್ಯೂಜೆರ್ಸಿ

ನಮ್ಮದು ತದ್ವಿರುದ್ಧ ಕಷ್ಟ. ಇಲ್ಲಿ ಐಸ್ ಹಾಕಿದ ನೀರು ಮೊದಲೇ ಬರುತ್ತೆ. ಬಾಯಲ್ಲಿ ತುತ್ತಿರುವಾಗಲೇ ಎಲ್ಲಾ ಸರಿ ಇದೆಯಾ ಅಂತ ಮೂರು ಸಲ ಕೇಳುತ್ತಾರೆ. ಕೊನೆಯ ತುತ್ತು ಇಳಿಯುವ ಮುಂಚೆ ಬಿಲ್ಲು. ಮನಸ್ತಾಪವೆಲ್ಲ ಟಿಪ್ಸಿನದು.

ಅಪ್ಪ ಬಂದಿದ್ದಾಗ 60 ಡಾಲರ್ ಬಿಲ್ಲಿಗೆ 2 ಡಾಲರ್ ಇಟ್ಟು ಎದ್ದರು. ಊರಲ್ಲಿ ತಟ್ಟೆಯಲ್ಲಿ ಚಿಲ್ಲರೆ ಬಿಡುವ ಲೆಕ್ಕ ಅದು. ಆ ಹುಡುಗಿ ಬಾಗಿಲವರೆಗೂ ಬಂದು, ನನ್ನಿಂದ ಏನಾದರೂ ತಪ್ಪಾಯಿತಾ ಅಂತ ಕೇಳಿದಳು. ಅಪ್ಪನಿಗೆ ಅವಮಾನ ಅನ್ನಿಸಿತು. ಅವಳಿಗೂ ಅನ್ನಿಸಿತ್ತು, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಇಲ್ಲಿ ಕೇಂದ್ರದ ಕಾನೂನಿನಂತೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಟಿಪ್ಸ್ ಸೇರಿಸಿ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಬೇಕು. ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ. ಇದು ಗೊತ್ತಾದ ಮೇಲೆ ಅಪ್ಪ ಒಂದು ಸಲವೂ 15 ಪರ್ಸೆಂಟಿಗೆ ಕಡಿಮೆ ಇಡಲು ಬಿಡಲಿಲ್ಲ.

ಆದರೂ ಸೇವೆ ಕೆಟ್ಟದಾಗಿದ್ದರೆ ಟಿಪ್ಸ್ ಕಡಿಮೆ ಮಾಡಿ ಸುಮ್ನೆ ಬರಬೇಡಿ. ಯಾಕೆ ಅಂತ ಅವರಿಗೆ ತಿಳಿಯುವುದೇ ಇಲ್ಲ. ಮ್ಯಾನೇಜರನ್ನು ಕರೆಸಿ ಎರಡು ಮಾತು ಹೇಳಿ. ಮತ್ತೆ, ಹೆಚ್ಚು ಜನ ಹೋದಾಗ ಬಿಲ್ಲಿನಲ್ಲೇ ಟಿಪ್ಸ್ ಸೇರಿಸಿರುತ್ತಾರೆ. ನೋಡದೆ ಎರಡು ಸಲ ಕೊಟ್ಟವರನ್ನು ಕಂಡಿದ್ದೇನೆ.

ಶಿಡ್ಲಘಟ್ಟ, ಈಗ ಲಂಡನ್

ಗುಬ್ಬಿಯವರ ಮಾತು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಎಲ್ಲವನ್ನೂ ರೂಢಿ ಅಂತ ನುಂಗಿಕೊಳ್ಳುವ ಅಭ್ಯಾಸ ಆಗಿಬಿಡುತ್ತೆ. ನನಗೆ ಆಗಿತ್ತು. ಒಮ್ಮೆ ಹೋಟೆಲ್ ಅರ್ಧ ಖಾಲಿ ಇದ್ದರೂ ನಮ್ಮನ್ನು ಟಾಯ್ಲೆಟ್ ಬಾಗಿಲ ಪಕ್ಕ ಕೂರಿಸಿದರು. ನಮ್ಮ ನಂತರ ಬಂದವರಿಗೆ ಕಿಟಕಿ ಪಕ್ಕದ ಮೇಜು. ಅತ್ತೆ ಸೀರೆಯಲ್ಲಿದ್ದರು. ಅದಕ್ಕೇ ಹೀಗಾ ಅಂತ ಅನ್ನಿಸಿತು, ಕೇಳಲು ನಾಚಿಕೆ ಆಯಿತು. ಎರಡು ವರ್ಷವಾದರೂ ಆ ಬಾಗಿಲು ತೆರೆದು ಮುಚ್ಚುವ ಸದ್ದು ನೆನಪಿದೆ. ಈಗ ಕೂರುವ ಮುಂಚೆಯೇ, ನಮಗೆ ಆ ಮೇಜು ಬೇಕು ಅಂತ ಕೈ ತೋರಿಸಿ ಹೇಳುತ್ತೇನೆ. ಬುಕ್ ಆಗಿದ್ದರೆ ಹೇಳುತ್ತಾರೆ. ಇಲ್ಲದಿದ್ದರೆ ಕೊಡುತ್ತಾರೆ. ಎರಡೂ ಇಲ್ಲ ಅಂದರೆ ಎದ್ದು ಬರುತ್ತೇವೆ.

ಇಲ್ಲಿ ಮದ್ಯದ ಲೈಸೆನ್ಸ್ ಇರುವ ಹೋಟೆಲುಗಳು ಗಿರಾಕಿ ಕೇಳಿದರೆ ನಲ್ಲಿ ನೀರನ್ನು ಪುಕ್ಕಟೆ ಕೊಡಲೇಬೇಕು. ಬಿಲ್ಲಿನಲ್ಲಿ 12.5 ಪರ್ಸೆಂಟ್ ಸರ್ವಿಸ್ ಚಾರ್ಜ್ ಇರುವುದು ಮಾಮೂಲು. ಅದು ಇಷ್ಟವಿದ್ದರೆ ಕೊಡುವಂಥದ್ದು ಅಂತ ಬರೆದಿದ್ದರೆ ತೆಗೆಯಿರಿ ಅನ್ನಬಹುದು. 2024ರ ಅಕ್ಟೋಬರ್ 1ರಿಂದ ಆ ದುಡ್ಡು ಪೂರ್ತಿ ಕೆಲಸದವರಿಗೇ ಹೋಗಬೇಕು ಅಂತ ಕಾನೂನಿದೆ. ಹಾಗಾಗಿ ತಪ್ಪು ಅಡುಗೆಮನೆಯದಾದರೆ ನಾನು ಅದನ್ನು ತೆಗೆಸುವುದಿಲ್ಲ, ಆ ತಿಂಡಿಯ ದುಡ್ಡು ತೆಗೆಸುತ್ತೇನೆ.

ಶಿರಾ, ಈಗ ಟೋಕಿಯೊ

ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಕರೆಯದೆ ಯಾರೂ ಬರಲ್ಲ. ಮೇಜಿನ ಮೇಲೆ ಗುಂಡಿ ಇದ್ದರೆ ಒತ್ತಬೇಕು, ಇಲ್ಲದಿದ್ದರೆ ‘ಸುಮಿಮಾಸೆನ್’ ಅಂತ ಜೋರಾಗಿ ಕೂಗಬೇಕು. ಕೂಗುವುದು ಇಲ್ಲಿ ತಪ್ಪಲ್ಲ. ನೀರು ಪುಕ್ಕಟೆ, ಟಿಪ್ಸ್ ಇಲ್ಲ. ಆದರೆ ತರಕಾರಿ ಸೂಪಿಗೂ ದಾಶಿ ಹಾಕುತ್ತಾರೆ, ಅದು ಸಾಮಾನ್ಯವಾಗಿ ಒಣಮೀನಿನ ಸಾರು. ನಿಮ್ಮ ಅಮ್ಮನಿಗೆ ಆದದ್ದು ನಮ್ಮ ಅಜ್ಜಿಗೂ ಆಗಿದೆ.

ಚಿಂತಾಮಣಿ, 11 ವರ್ಷ ದುಬೈನಲ್ಲಿದ್ದವರು

ನಾನು ಅಲ್ಲಿ ಸಪ್ಲೈಯರ್ ಆಗಿದ್ದೆ. ಈಗ ಊರಲ್ಲಿ ಸಣ್ಣ ಹೋಟೆಲಿದೆ. ಆ ಕಡೆಯಿಂದಲೂ ಒಂದು ಮಾತು.

ಶನಿವಾರ ರಾತ್ರಿ ಒಬ್ಬನ ಪಾಲಿಗೆ 14, 15 ಮೇಜು ಬರುತ್ತಿದ್ದವು. ಒಂದು ಮೇಜಿನ ಆರ್ಡರ್ ತಲೆಯಲ್ಲಿಟ್ಟುಕೊಂಡು ಹೋಗುವಾಗ ಮೂರು ಕಡೆ ಕೈ ಎತ್ತಿರುತ್ತಾರೆ. ಕಾಲಿನ ಹಿಮ್ಮಡಿ ಸೀಳಿರುತ್ತಿತ್ತು. ಆದರೂ ವಯಸ್ಸಾದವರ ಮುಂದೆ ಬೆರಳು ಆಡಿಸಿದ್ದನ್ನು ನಾನು ಒಪ್ಪಲ್ಲ. ಮಾಡಬಾರದಿತ್ತು ಅವನು.

ಒಂದು ಗುಟ್ಟು ಹೇಳುತ್ತೇನೆ. ತಪ್ಪನ್ನು ಮೊದಲ ಚಮಚಕ್ಕೇ ಹೇಳಿ. ಆಗ ತಟ್ಟೆ ತುಂಬಿರುತ್ತೆ, ಅಡುಗೆಯವನು ಮಾತಾಡದೆ ಬದಲಾಯಿಸುತ್ತಾನೆ. ಅರ್ಧ ಖಾಲಿಯಾದ ತಟ್ಟೆ ವಾಪಸ್ ಹೋದರೆ ನಮಗೇ ಬೈಗುಳ. ನಿಮ್ಮ ಸೂಪಿನ ವಿಷಯ ಬೇರೆ. ಅದು ಧರ್ಮದ ಮಾತು. ಎಷ್ಟೇ ಕುಡಿದಿದ್ದರೂ ಅಲ್ಲೇ ಹೇಳಬೇಕಿತ್ತು. ಧ್ವನಿ ಏರಿಸಬೇಡಿ. ಕರೆದು, ಇವರು ನನ್ನ ತಾಯಿ, ಇವರು ಮಾಂಸ ತಿನ್ನಲ್ಲ, ನಾನು ಮೊದಲೇ ಹೇಳಿದ್ದೆ, ಅಷ್ಟು ಸಾಕು. ನನಗೆ ಹಾಗೆ ಹೇಳಿದವರ ಮುಖ ಇವತ್ತಿಗೂ ಜ್ಞಾಪಕ ಇದೆ. ಕಿರುಚಾಡಿದವರ ಮುಖ ಒಂದೂ ಇಲ್ಲ.

ಮತ್ತೆ ಹೋಗಿ. ವಾರದ ದಿನ, ಸಂಜೆ ಬಾಗಿಲು ತೆರೆದ ಹೊತ್ತಿಗೇ. ಆಗ ಹುಡುಗರ ಮೈಯಲ್ಲಿ ಶಕ್ತಿ ಇರುತ್ತೆ, ನಿಂತು ಕೇಳಿಸಿಕೊಳ್ಳುತ್ತಾರೆ.

ಕೇಳಿದವರು

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಚಿಂತಾಮಣಿಯವರದ್ದನ್ನು ಎರಡು ಸಲ ಓದಿಸಿದರು. ಆ ಹುಡುಗನಿಗೆ ಎಷ್ಟು ಮೇಜು ಇದ್ದವೋ ಅಂದರು. ಸೂಪಿನ ಬಗ್ಗೆ ಮೊದಲ ಸಲ ಬಾಯಿ ಬಿಟ್ಟರು: ನೀನು ಅಲ್ಲೇ ಕೇಳಬೇಕಿತ್ತು ಕಣೋ.

ನಿನ್ನೆ ಅದೇ ಹೋಟೆಲಿಗೆ ಒಬ್ಬನೇ ಹೋಗಿ ಹೇಳಿ ಬಂದೆ. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡು ಕ್ಷಮೆ ಕೇಳಿದರು. ಸೂಪಿನ ದುಡ್ಡು ವಾಪಸ್ ಕೊಡಲು ಬಂದರು. ಬೇಡ ಅಂದೆ. ಮೆನುವಿನಲ್ಲಿ ಅದರ ಪಕ್ಕ ದನದ ಸಾರು ಅಂತ ಬರೆಯಿರಿ ಅಂದೆ. ಬರೆಯುತ್ತೇವೆ ಅಂದಿದ್ದಾರೆ, ನೋಡಬೇಕು.

ಗುರುವಾರ ಸಂಜೆ 5:30ಕ್ಕೆ ಬೇರೆ ಕಡೆ ಮೇಜು ಬುಕ್ ಮಾಡಿದ್ದೇನೆ, ಕಿಟಕಿ ಪಕ್ಕ ಬೇಕು ಅಂತ ಕೇಳಿಯೇ. ಅಮ್ಮ ಮೊಟ್ಟೆ ತಿನ್ನಲ್ಲ, ಅದಕ್ಕೆ ಫೋನಿನಲ್ಲೇ ವಿಚಾರಿಸಿ ಆಲೂಗಡ್ಡೆ, ಅಣಬೆ ಗೊತ್ತು ಮಾಡಿಕೊಂಡೆ. ಗುಬ್ಬಿಯವರೇ, ಚೀಟಿಯಲ್ಲಿ ‘ಓನೆ ಫ್ಲೈಶ್, ಓನೆ ಫ್ಲೈಶ್‌ಬ್ರೂಯೆ, ಓನೆ ಫಿಶ್, ಓನೆ ಐ’ ಅಂತ ಬರೆದಿದ್ದೇನೆ. ಸರಿ ಇದೆಯಾ?

ಗುಬ್ಬಿ, ಮ್ಯೂನಿಕ್

ಸರಿ ಇದೆ. ‘ಓನೆ ಶ್ಪೆಕ್’ ಅಂತಲೂ ಸೇರಿಸಿ, ಹುರಿದ ಆಲೂಗಡ್ಡೆಗೆ ಹಂದಿ ಕೊಬ್ಬಿನ ಚೂರು ಹಾಕುವುದುಂಟು. ಸಿಹಿ ತಗೊಳ್ಳುವುದಾದರೆ ‘ಓನೆ ಗೆಲಟೀನೆ’ ಕೂಡ, ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಬೇಡ ಅಂತ. ದೊಡ್ಡ ಅಕ್ಷರದಲ್ಲಿ ಬರೆಯಿರಿ, ಅಡುಗೆಮನೆಯಲ್ಲಿ ಕನ್ನಡಕ ಹಾಕಿರಲ್ಲ.